ಎರಡು ನಿಮಿಷದ ಐಸ್

ಯಾರದು, ಗ್ರೂಪಿನಲ್ಲಿ ‘ತಾತನಿಗೆ ಅರಳುಮರಳು, ಕಥೆ ಕಟ್ತಾರೆ’ ಅಂತ ಬರೆದದ್ದು? ಹೆಸರು ಹೇಳುವುದಿಲ್ಲ, ನನಗೆ ಗೊತ್ತು. ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡೇ ಮನೆಯೆಲ್ಲ ಹುಡುಕುವ ಜನ ನೀವು, ನನ್ನ ನೆನಪಿಗೆ ಮಾರ್ಕ್ಸ್ ಹಾಕಲು ಬರುತ್ತೀರಿ. ಆ ಚುನಾವಣೆಯ ಪ್ರಚಾರದಲ್ಲಿ ಹದಿನೈದು ದಿನ ಮೇಕಪ್ ವ್ಯಾನ್ ಓಡಿಸಿದವನು ನಾನು. ವ್ಯಾನಿನ ಎಡಗಡೆಯ ಕನ್ನಡಿ ಯಾವ ತಿರುವಿನಲ್ಲಿ ಬಿರುಕು ಬಿಟ್ಟಿತು ಅಂತ ಕೇಳಿ, ಹೇಳುತ್ತೇನೆ. ನಾನು ಕಣ್ಣಾರೆ ನೋಡದೇ ಇದ್ದದ್ದನ್ನು ಬಣ್ಣದಣ್ಣನೇ ನನಗೆ ಹೇಳಿದ್ದಾನೆ. ಮೂರು ಸಲ ಹೇಳಿದ್ದಾನೆ, ಮೂರು ಸಲವೂ ಒಂದೇ ಥರ. ಸುಳ್ಳಾಗಿದ್ದರೆ ಮೂರನೇ ಸಲಕ್ಕೆ ಇನ್ನೂ ಸ್ವಲ್ಪ ಚೆಂದ ಆಗಿರುತ್ತಿತ್ತು. ಆದ್ದರಿಂದ ಬಾಯಿ ಮುಚ್ಚಿಕೊಂಡು ಕೇಳಿ. ಇದು ಪ್ರೇಮದ ಕಥೆಯೇ, ಆದರೆ ಶುರುವಾಗುವುದು ಅನುಮಾನದಿಂದ.

ಬಣ್ಣದಣ್ಣ ಅಂದರೆ ಮೇಕಪ್ ಮಾಡುವವನು. ಟಿವಿ, ಜಾಹೀರಾತು, ಮದುವೆಮನೆ, ಎಲ್ಲ ಕಡೆ ಅವನನ್ನು ಹಾಗೇ ಕರೆಯುತ್ತಿದ್ದರು. ನಲವತ್ತಾರು ವಯಸ್ಸು, ಒಂಟಿ ಜೀವ. ಇಪ್ಪತ್ತು ವರ್ಷ ಜನರ ಮುಖದ ಕಲೆ ಮುಚ್ಚಿ ಮುಚ್ಚಿ ಅವನಿಗೊಂದು ರೋಗ ಹತ್ತಿತ್ತು. ಯಾರ ಮುಖ ನೋಡಿದರೂ ಮೊದಲು ಕಾಣುತ್ತಿದ್ದದ್ದು, ಇವರು ಏನನ್ನು ಮುಚ್ಚಿಟ್ಟಿದ್ದಾರೆ ಅನ್ನುವುದು. ಹಾಲನ್ನು ಎರಡು ಸಲ ಮೂಸಿ ಕುಡಿಯುತ್ತಿದ್ದ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ರಸ್ತೆಯ ತುದಿಯಿಂದ ವಾಪಸ್ ಬಂದು ಮತ್ತೆ ಎಳೆದು ನೋಡುತ್ತಿದ್ದ. ಇಂಥವನು ಪ್ರೀತಿಯಲ್ಲಿ ಬಿದ್ದರೆ ಹೇಗಿರುತ್ತೆ, ಯೋಚನೆ ಮಾಡಿ.

ಅವಳು ಅತ್ತಿಗೆ. ಹನ್ನೊಂದು ವರ್ಷ ಓಡಿದ ಧಾರಾವಾಹಿಯಲ್ಲಿ ಅತ್ತಿಗೆಯ ಪಾತ್ರ ಮಾಡಿದ್ದಳು. ಆಮೇಲೆ ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಬೀದಿಯಲ್ಲಿ ಎಲ್ಲರಿಗೂ ಅವಳು ಅತ್ತಿಗೆಯೇ. ಒಂದು ದಿನ ಇದ್ದಕ್ಕಿದ್ದಂತೆ ನಟನೆ ಬಿಟ್ಟಳು ಅಂತ ಸುದ್ದಿಯಾಯಿತು. ಎರಡು ವರ್ಷ ಕಣ್ಮರೆಯಾಗಿದ್ದು, ಚುನಾವಣೆ ಹೊತ್ತಿಗೆ ವೇದಿಕೆಯ ಮೇಲೆ ಬಂದು ನಿಂತಳು. ತನಗೆ ಮಯಸ್ತೇನಿಯಾ ಅನ್ನುವ ಕಾಯಿಲೆ ಇದೆ, ನರ ಹೇಳಿದ ಮಾತು ಸ್ನಾಯುವಿಗೆ ಸರಿಯಾಗಿ ತಲುಪುವುದಿಲ್ಲ, ಹೊತ್ತು ಏರಿದಂತೆ ಕಣ್ಣಿನ ರೆಪ್ಪೆ ಜೋಲುತ್ತೆ, ಅಗಿಯಲು ನುಂಗಲು ಕಷ್ಟ ಆಗುತ್ತೆ ಅಂದಳು. ಇದರ ಮೇಲೆ ಸಂಶೋಧನೆ ಮಾಡುತ್ತಿದ್ದ ಒಂದೇ ಒಂದು ಘಟಕ ಸರ್ಕಾರಿ ಆಸ್ಪತ್ರೆಯಲ್ಲಿತ್ತು. ಅದಕ್ಕೆ ನಮ್ಮ ಕ್ಷೇತ್ರದ ಹಾಲಿ ಸದಸ್ಯರು ಬೀಗ ಹಾಕಿಸಿದ್ದರು. ಅವರ ಎದುರು ನಿಂತಿದ್ದ ಅಭ್ಯರ್ಥಿ ಒಬ್ಬ ನಿವೃತ್ತ ಮೇಷ್ಟ್ರು. ಗೆದ್ದರೆ ಬೀಗ ತೆಗೆಸುತ್ತೇನೆ ಅಂತ ಮೇಷ್ಟ್ರು ಮಾತು ಕೊಟ್ಟಿದ್ದರು. ಆ ಒಂದು ಮಾತಿಗಾಗಿ ಅತ್ತಿಗೆ ಅವರ ಪರ ಪ್ರಚಾರಕ್ಕೆ ಇಳಿದಿದ್ದಳು.

ಮೊದಲ ದಿನ, ಮಧ್ಯಾಹ್ನ ಮೂರು ಗಂಟೆ. ಕಪ್ಪು ಕನ್ನಡಕ ಹಾಕಿಕೊಂಡು ವ್ಯಾನ್ ಹತ್ತಿದಳು. ಬಲ್ಬುಗಳ ಕನ್ನಡಿಯ ಮುಂದೆ ಕೂತು ಕನ್ನಡಕ ತೆಗೆದಳು. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಬಣ್ಣದಣ್ಣ ನಮಸ್ಕಾರ ಹೇಳುವಷ್ಟರಲ್ಲಿ ಅವಳು ಆ ಕಣ್ಣನ್ನು ಪೂರ್ತಿ ಮುಚ್ಚಿ, ಇನ್ನೊಂದು ಕಣ್ಣಿನಿಂದ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತುಟಿಯ ಒಂದೇ ಮೂಲೆಯಲ್ಲಿ ನಕ್ಕಳು.

ಅವನ ಕೈಯಲ್ಲಿದ್ದ ಸ್ಪಂಜು ಕೆಳಗೆ ಬಿತ್ತು. ನಲವತ್ತಾರು ವರ್ಷದಲ್ಲಿ ಯಾವ ಹೆಂಗಸೂ ಅವನಿಗೆ ಕಣ್ಣು ಹೊಡೆದಿರಲಿಲ್ಲ.

“ಯಾರು ಕಳಿಸಿದ್ದು ನಿಮ್ಮನ್ನ?” ಅಂತ ಕೇಳಿದಳು.

“ಏಜೆನ್ಸಿಯವರು.”

“ಅದಕ್ಕೂ ಮುಂಚೆ ಯಾರ ಹತ್ರ ಇದ್ರಿ?”

ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ಹಾಲಿ ಸದಸ್ಯರ ಪೋಸ್ಟರಿನ ಫೋಟೋಗೆ ಮೇಕಪ್ ಮಾಡಿದ್ದು ತಾನೇ, ಅವರ ಕಣ್ಣಿನ ಕೆಳಗಿನ ಚೀಲಗಳನ್ನು ಮುಚ್ಚಿದ್ದು ತಾನೇ ಅಂದ.

“ಹಾಗಾದ್ರೆ ಮುಚ್ಚೋದ್ರಲ್ಲಿ ಒಳ್ಳೆ ಅಭ್ಯಾಸ ಇದೆ” ಅಂದಳು. ನಗಲಿಲ್ಲ. ಅವಳಿಗೂ ಅನುಮಾನ ಹುಟ್ಟಿತು ಅನ್ನುವುದು ಅವನಿಗೆ ಗೊತ್ತಾಯಿತು. ಇಬ್ಬರು ಅನುಮಾನದವರು, ಒಂದು ಕನ್ನಡಿ.

ಅವನು ಹೆದರಿಕೊಂಡೇ “ಅತ್ತಿಗೆ, ಸ್ವಲ್ಪ ಮುಖ ಎತ್ತಿ” ಅಂದ.

“ಹಾಗೆ ಕರೀಬೇಡಿ. ಮೈದುನಂದಿರು ಈಗಾಗ್ಲೇ ಲಕ್ಷಗಟ್ಟಲೆ ಇದ್ದಾರೆ.”

“ಮತ್ತೆ ಏನಂತ ಕರೀಲಿ?”

“ಕರೀಬೇಡಿ. ಎದುರಿಗೇ ಇರ್ತೀನಲ್ಲ.” ಸ್ವಲ್ಪ ತಡೆದು, “ನಿಮ್ಮನ್ನೂ ಎಲ್ರೂ ಅಣ್ಣ ಅಂತಾರಂತೆ. ನಾನು ಅನ್ನಲ್ಲ” ಅಂದಳು.

ಮುಂದೆ ಕೂತಿದ್ದ ನನಗೆ ನಗು ತಡೆಯಲಾಗಲಿಲ್ಲ, ಕೆಮ್ಮಿದೆ.

ಇನ್ನೊಂದು ಮಾತನ್ನೂ ಅವಳು ಅವತ್ತೇ ಹೇಳಿಬಿಟ್ಟಳು. ಈ ವ್ಯಾನಿನೊಳಗೆ ಕಾಯಿಲೆಯ ಮಾತು ಬೇಡ. ಹೊರಗೆ ದಿನವಿಡೀ ಅದೇ ಮಾತು, ಒಳಗೆ ಬೇರೇನಾದರೂ ಮಾತಾಡೋಣ, ಇಲ್ಲದಿದ್ದರೆ ಸುಮ್ಮನಿರೋಣ ಅಂದಳು. ಅವನು ಆಯಿತು ಅಂದ. ಒಳಗೊಳಗೇ, ನಿಜವಾದ ಕಾಯಿಲೆ ಇದ್ದವರು ಅದರ ಮಾತು ಯಾಕೆ ಬೇಡ ಅಂತಾರೆ ಅಂದುಕೊಂಡ.

ಅವನ ಕೆಲಸದ ಕ್ರಮ ಹೇಳುತ್ತೇನೆ ಕೇಳಿ, ಇಡೀ ಕಥೆ ಅದರ ಮೇಲೇ ನಿಂತಿದೆ. ಬಿಸಿಲಿನಲ್ಲಿ ನಡೆಯುವ ಸಭೆಗಳು. ಬಣ್ಣ ಬೆವರಿಗೆ ಕರಗಬಾರದು ಅಂದರೆ ಮೊದಲು ಚರ್ಮ ತಣ್ಣಗಾಗಬೇಕು. ಥರ್ಮಕೋಲ್ ಡಬ್ಬದಿಂದ ಐಸ್ ತೆಗೆದು, ತೆಳುವಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಹಣೆಗೆ ಒಂದು ನಿಮಿಷ, ಕೆನ್ನೆಗಳಿಗೆ ಒಂದು ನಿಮಿಷ, ಮುಚ್ಚಿದ ಕಣ್ಣುಗಳ ಮೇಲೆ ಎರಡು ನಿಮಿಷ ಇಡುತ್ತಿದ್ದ. ಕೈಗಡಿಯಾರ ನೋಡಿಕೊಂಡೇ ಇಡುತ್ತಿದ್ದ. ಆಮೇಲೆ ಬಣ್ಣ. ಇದರ ಜೊತೆಗೆ ಫೋನಿನಲ್ಲಿ ಎರಡು ಫೋಟೋ: ಕೂತ ಕೂಡಲೇ ಬರಿಮುಖದ್ದು ಒಂದು, ಬಣ್ಣ ಮುಗಿದ ಮೇಲೆ ಒಂದು. ನಾಳೆಯ ಮುಖ ಇವತ್ತಿನ ಮುಖದ ಹಾಗೇ ಕಾಣಬೇಕಲ್ಲ, ಅದಕ್ಕೆ. ಆ ಬರಿಮುಖದ ಫೋಟೋವನ್ನು ಮಾತ್ರ ಯಾರಿಗೂ ತೋರಿಸುವಂತಿಲ್ಲ. ಅದು ಹೊರಗೆ ಹೋದರೆ ಆ ಬಣ್ಣದವನಿಗೆ ಮತ್ತೆ ಯಾರೂ ಮುಖ ಒಪ್ಪಿಸುವುದಿಲ್ಲ.

ಅವತ್ತು ಐಸಿನ ಬಟ್ಟೆ ತೆಗೆದಾಗ ಅವಳು ಎರಡೂ ಕಣ್ಣು ಬಿಟ್ಟಳು. ಪೂರ್ತಿಯಾಗಿ, ಸಮವಾಗಿ. ಧಾರಾವಾಹಿಯಲ್ಲಿ ನೋಡಿದ್ದ ಅವೇ ದೊಡ್ಡ ಕಣ್ಣುಗಳು. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲಿಲ್ಲ, ಅವನನ್ನೇ ನೋಡಿದಳು. ಬಣ್ಣ ಹಚ್ಚುವಷ್ಟು ಹೊತ್ತೂ ನೋಡಿದಳು. ಅವನು ಒಂದೇ ಹುಬ್ಬನ್ನು ಎರಡು ಸಲ ತೀಡಿದ.

ನಲವತ್ತು ನಿಮಿಷದ ನಂತರ, ಬಿಸಿಲಿನಲ್ಲಿ, ವೇದಿಕೆಯ ಮೇಲೆ ಮಾತಾಡುತ್ತಾ ಮಾತಾಡುತ್ತಾ ಎಡಗಣ್ಣು ಮೆಲ್ಲಗೆ ಮುಚ್ಚಿಕೊಂಡಿತು. ಜನ ಅಯ್ಯೋ ಅಂದರು. ಪಕ್ಕದಲ್ಲಿ ನಿಂತಿದ್ದ ಪ್ರಚಾರದ ಮ್ಯಾನೇಜರು ಬಣ್ಣದಣ್ಣನ ಭುಜ ತಟ್ಟಿ, ಆ ಒಂದು ಕಣ್ಣಿಗೆ ಎಷ್ಟು ವೋಟು ಗೊತ್ತೇನಯ್ಯ ಅಂದ.

ಅಲ್ಲಿಗೆ ಹುಳು ಹೊಕ್ಕಿತು.

ಹೆಚ್ಚುಕಡಿಮೆ ದಿನಾ ಇದೇ ಆಯಿತು. ವ್ಯಾನ್ ಹತ್ತುವಾಗ ಅರ್ಧ ಕಣ್ಣು. ಐಸ್ ಇಟ್ಟು, ಅದೂ ಇದೂ ಮಾತಾಡಿ, ಬಣ್ಣ ಮುಗಿಯುವ ಹೊತ್ತಿಗೆ ಎರಡೂ ಕಣ್ಣು. ವೇದಿಕೆಗೆ ಹೋದರೆ ಮತ್ತೆ ಒಂದೇ ಕಣ್ಣು. ಬಣ್ಣದಣ್ಣ ಲೆಕ್ಕ ಹಾಕಿದ. ಹೊರಗೆ ನಟನೆ ಮಾಡುತ್ತಾಳೆ. ತನ್ನ ಜೊತೆ ಮಾತಾಡುತ್ತಾ ಮೈಮರೆತು ನಟನೆ ಬಿಡುತ್ತಾಳೆ. ಜನರ ಮುಂದೆ ಮತ್ತೆ ನೆನಪಾಗುತ್ತೆ. ಗಂಡಸಿನ ಜಂಭ ನೋಡಿ. ಅನುಮಾನದಲ್ಲೂ ತನ್ನ ಮಾತಿಗೇ ಅವಳು ಮೈಮರೆಯುತ್ತಾಳೆ ಅಂತ ಹೆಮ್ಮೆ.

ಮಾತು ಮಾತ್ರ ದಿನದಿಂದ ದಿನಕ್ಕೆ ಸಿಹಿಯಾಗುತ್ತಿತ್ತು. ಐಸ್ ತೆಗೆಯಲು ಹೋದರೆ ಅವಳು ಕಣ್ಣು ಮುಚ್ಚಿಕೊಂಡೇ, “ಎರಡು ನಿಮಿಷ ಆಗಿಲ್ಲ” ಅನ್ನುತ್ತಿದ್ದಳು.

“ಗಡಿಯಾರ ನೋಡಿದ್ದೀನಿ.”

“ನಿಮ್ಮ ಗಡಿಯಾರದ ಮೇಲೇ ನನಗೆ ಅನುಮಾನ.”

ಅವನು ಇನ್ನೂ ಅರ್ಧ ನಿಮಿಷ ಇಡುತ್ತಿದ್ದ. ಅವಳ ರೆಪ್ಪೆಯ ಕೂದಲಿಗೆ ಅಂಟಿದ ನೀರಿನ ಹನಿಯನ್ನು ಕಿರುಬೆರಳ ತುದಿಯಿಂದ ತೆಗೆಯುತ್ತಿದ್ದ. ಬಣ್ಣದವರು ಅದನ್ನು ಹತ್ತಿಯಿಂದ ತೆಗೆಯಬೇಕು. ಅವನು ಬೆರಳಿನಿಂದಲೇ ತೆಗೆಯುತ್ತಿದ್ದ. ಅವಳು ಹತ್ತಿ ಎಲ್ಲಿ ಅಂತ ಕೇಳುತ್ತಿರಲಿಲ್ಲ.

ಆ ಕಣ್ಣು ಹೊಡೆಯುವುದೂ ನಡೆದೇ ಇತ್ತು. ಸಭೆ ಮುಗಿಸಿ ಬಂದಾಗ ಒಂದು ಕಣ್ಣು ಮುಚ್ಚಿ ಅವನನ್ನು ನೋಡುತ್ತಿದ್ದಳು, ಅವನ ಎದೆ ಒಂದು ಬಡಿತ ತಪ್ಪುತ್ತಿತ್ತು. ಏಳನೇ ದಿನ ಏನಾಯಿತೆಂದರೆ, ಒಬ್ಬ ಎಳೆ ವಯಸ್ಸಿನ ವರದಿಗಾರ ಬಂದ, ಚೆಂದದ ಹುಡುಗ. ಅವಳು ಅವನನ್ನೂ ಹಾಗೇ ಕಣ್ಣು ಮುಚ್ಚಿ ನೋಡಿದಳು. ಬಣ್ಣದಣ್ಣನಿಗೆ ಹೊಟ್ಟೆ ಉರಿಯಿತು. ವರದಿಗಾರ ಹೋದ ಮೇಲೆ ವೇದಿಕೆಯ ಮೆಟ್ಟಿಲ ಮುಂದೆ ನಿಂತು ಮೆಟ್ಟಿಲಿಗೂ ಕಣ್ಣು ಹೊಡೆದಳು. ಅದನ್ನೂ ಅವನು ನೋಡಿದ. ಆದರೆ ಹೊಟ್ಟೆ ಉರಿಯುವಾಗ ತಲೆ ಓಡುವುದಿಲ್ಲ ನೋಡಿ.

ಹಾಲಿ ಸದಸ್ಯರ ಕಡೆಯೂ ಒಬ್ಬ ಖ್ಯಾತನಾಮನಿದ್ದ, ಹಳೆಯ ಓಟಗಾರ. ಹೃದಯದ ಆಪರೇಷನ್ ಆಗಿತ್ತು. ಪ್ರತಿ ಸಭೆಯಲ್ಲೂ ಅಂಗಿಯ ಗುಂಡಿ ಬಿಚ್ಚಿ ಎದೆಯ ಗಾಯ ತೋರಿಸುತ್ತಿದ್ದ. ನನ್ನದು ಕಾಣುವ ಕಾಯಿಲೆ, ಹೊತ್ತಿಗೊಂದು ಥರ ಆಗುವ ಕಾಯಿಲೆಯಲ್ಲ ಅನ್ನುತ್ತಿದ್ದ. ಜನ ನಗುತ್ತಿದ್ದರು. ಗಾಯ ಇದ್ದರೆ ನಂಬುತ್ತಾರೆ, ಕಣ್ಣು ಮುಚ್ಚಿ ತೆರೆದರೆ ನಂಬುವುದಿಲ್ಲ.

ಆ ಏಳನೇ ದಿನ ಸಂಜೆ ಬಣ್ಣದಣ್ಣ ತನ್ನ ಅಕ್ಕನ ಮನೆಗೆ ಹೋದ. ಅಕ್ಕನಿಗೆ ಬ್ಯೂಟಿ ಪಾರ್ಲರ್ ಇದೆ, ಇವನಿಗೆ ಬ್ರಷ್ ಹಿಡಿಯಲು ಕಲಿಸಿದ್ದೇ ಅವಳು. ಯಾಕೋ ಮುಖ ಊದಿಸಿಕೊಂಡಿದ್ದೀಯಲ್ಲ ಅಂತ ಅವಳು ಕೇಳಿದ್ದೇ ತಡ, ಎಲ್ಲ ಕಕ್ಕಿದ. ಆ ಕಣ್ಣು ನಾಟಕ ಅಕ್ಕ, ನನ್ನ ವ್ಯಾನಿನಲ್ಲಿ ತೆರೆದೇ ಇರುತ್ತೆ, ವೇದಿಕೆ ಹತ್ತಿದರೆ ಮುಚ್ಚುತ್ತೆ, ಯಾರಿಗೂ ಹೇಳಬೇಡ ಅಂದ. ನಾನು ಯಾರಿಗೆ ಹೇಳಲಿ ಅಂದಳು ಅಕ್ಕ. ಪಾಪ, ಒಬ್ಬರಿಗೇ ಹೇಳಿದ್ದು. ಮಾರನೇ ದಿನ ಫೇಶಿಯಲ್ ಮಾಡಿಸಿಕೊಳ್ಳಲು ಮುಖಕ್ಕೆಲ್ಲ ಲೇಪ ಹಚ್ಚಿಸಿಕೊಂಡು ಮಲಗಿದ್ದ ಒಬ್ಬ ಗಿರಾಕಿಗೆ. ಆಕೆಯ ಗಂಡ ಹಾಲಿ ಸದಸ್ಯರ ಪ್ರಚಾರದ ವಿಡಿಯೋ ಮಾಡುವವನು ಅಂತ ಅಕ್ಕನಿಗೇನು ಗೊತ್ತು.

ಎರಡೇ ದಿನ. ಎಲ್ಲರ ಫೋನಿನಲ್ಲೂ ಬಂತು: ‘ಅತ್ತಿಗೆಯ ಕಣ್ಣು ಮೇಕಪ್ ವ್ಯಾನಿನಲ್ಲಿ ತೆರೆಯುತ್ತೆ, ವೇದಿಕೆಯಲ್ಲಿ ಮುಚ್ಚುತ್ತೆ.’ ಜನ ಸಭೆಗೆ ಬಂದು, ಕಣ್ಣು ತೆಗೀರಿ ಅತ್ತಿಗೆ, ವೋಟು ಹಾಕ್ತೀವಿ ಅಂತ ಕೂಗತೊಡಗಿದರು. ಡಾಕ್ಟರ ಸರ್ಟಿಫಿಕೇಟ್ ತೋರಿಸಿದರೆ, ಸರ್ಟಿಫಿಕೇಟ್ ಯಾರಿಗೆ ಸಿಗಲ್ಲ ಅಂದರು. ಮೇಷ್ಟ್ರೂ ಸ್ವಲ್ಪ ದೂರ ನಿಲ್ಲತೊಡಗಿದರು.

ಆ ವ್ಯಾನಿನೊಳಗೆ ಇರುತ್ತಿದ್ದದ್ದು ಇಬ್ಬರೇ. ನನ್ನನ್ನು ಬಿಟ್ಟು. ಮ್ಯಾನೇಜರು ಬಂದು, ಈ ಬಣ್ಣದವನನ್ನು ಇವತ್ತೇ ಓಡಿಸಬೇಕು, ಇವನು ಆ ಕಡೆಯವನು ಅಂತ ಎಗರಾಡಿದ. ಅವಳು “ಇರಲಿ ಬಿಡಿ” ಅಂದಳು. ಅಷ್ಟೇ. ಬಂದು ಕನ್ನಡಿಯ ಮುಂದೆ ಕೂತಳು. ಬಣ್ಣದಣ್ಣ ಡಬ್ಬದ ಮುಚ್ಚಳ ತೆಗೆದ.

“ಇವತ್ತು ಐಸ್ ಬೇಡ.”

“ಬಣ್ಣ ಕರಗುತ್ತೆ.”

“ಕರಗಲಿ.”

ಅವನು ಬಣ್ಣ ಹಚ್ಚಿದ. ಅವನ ಕಣ್ಣು ಅವಳ ಎಡಗಣ್ಣಿನ ಮೇಲೇ ಇತ್ತು. ಈಗ ತೆರೆಯುತ್ತೆ, ಈಗ ತೆರೆಯುತ್ತೆ ಅಂತ ಕಾದ. ಹುಬ್ಬು ಮುಗಿಯಿತು, ತುಟಿ ಮುಗಿಯಿತು. ಕಣ್ಣು ತೆರೆಯಲೇ ಇಲ್ಲ. ಅವಳು ಬೆರಳಿನಿಂದ ರೆಪ್ಪೆಯನ್ನು ಸ್ವಲ್ಪ ಎತ್ತಿ ಹಿಡಿದು ಕನ್ನಡಿ ನೋಡಿಕೊಂಡು ಕೆಳಗಿಳಿದು ಹೋದಳು. ಇಳಿಯುವಾಗ ಅವನತ್ತ ತಿರುಗಲಿಲ್ಲ.

ಅವನು ಸ್ಟೂಲಿನ ಮೇಲೆ ಕೂತ. ಬಹಳ ಹೊತ್ತಾದ ಮೇಲೆ ಫೋನ್ ತೆಗೆದ. ಒಂಬತ್ತು ದಿನದ ಹದಿನೆಂಟು ಫೋಟೋ, ಪ್ರತಿಯೊಂದರ ಕೆಳಗೂ ಗಂಟೆ ನಿಮಿಷ. ಬರಿಮುಖ, ಬಣ್ಣದ ಮುಖ. ಬರಿಮುಖದಲ್ಲೆಲ್ಲ ರೆಪ್ಪೆ ಇಳಿದಿದೆ, ಬಣ್ಣದ ಮುಖದಲ್ಲೆಲ್ಲ ಎತ್ತಿದೆ. ಎರಡು ದಿನ ಬಿಟ್ಟು. ಒಂದು ಇವತ್ತು. ಇನ್ನೊಂದು ನಾಲ್ಕನೇ ದಿನ. ನಾಲ್ಕನೇ ದಿನ ಏನಾಗಿತ್ತು? ಮುಂದೆ ಬಂದು ನನ್ನನ್ನು ಕೇಳಿದ. ನೆನಪಿನ ಮಾತು ಬಂತಲ್ಲ, ನಾನೇ ಹೇಳಿದ್ದು: ನಾಲ್ಕನೇ ದಿನ ದಾರಿಯಲ್ಲಿ ಎಂಜಿನ್ ಬಿಸಿಯಾಗಿ ನಿಂತಿತ್ತು, ನಿನ್ನ ಡಬ್ಬದ ಐಸೆಲ್ಲ ಕರಗಿ ನೀರಾಗಿತ್ತು, ಆ ನೀರನ್ನೇ ರೇಡಿಯೇಟರಿಗೆ ಸುರಿದೆ.

ಅವನ ಮುಖ ಬಿಳಿಚಿಕೊಂಡಿತು. ಆಸ್ಪತ್ರೆಗೆ ಬಿಡು ಅಂದ.

ಬೀಗ ಬಿದ್ದ ಆ ಘಟಕದ ಡಾಕ್ಟರಮ್ಮ ಹಳೇ ಕಟ್ಟಡದ ಒಂದು ಮೂಲೆಯಲ್ಲಿ ಸಾಮಾನ್ಯ ರೋಗಿಗಳನ್ನು ನೋಡುತ್ತಿದ್ದರು. ಘಟಕದ ಬೀಗದ ಕೈ ಇನ್ನೂ ಅವರ ಮೇಜಿನ ಡ್ರಾಯರಿನಲ್ಲೇ ಇತ್ತು. ಇವನು ಫೋಟೋ ತೋರಿಸಲಿಲ್ಲ, ಬಾಯಲ್ಲೇ ಕೇಳಿದ. ಅವರು ನಕ್ಕರು.

“ಮಿಷನ್ ಕೆಟ್ಟಾಗ ನಾನು ಮಾಡೋ ಪರೀಕ್ಷೆ ಅದೇ ಕಣಯ್ಯ. ಕಣ್ಣಿನ ಮೇಲೆ ಐಸ್, ಎರಡು ನಿಮಿಷ. ತಣ್ಣಗಾದ್ರೆ ನರದ ಮಾತು ಸ್ವಲ್ಪ ಹೊತ್ತು ತಲುಪುತ್ತೆ. ರೆಪ್ಪೆ ಮೇಲೇಳುತ್ತೆ. ಆಮೇಲೆ ಮತ್ತೆ ಬೀಳುತ್ತೆ. ಮೇಕಪ್‌ನೋನು ನೀನು, ಯಾರು ಕಲಿಸಿದ್ರು ನಿನಗೆ?”

ಯಾರೂ ಕಲಿಸಿಲ್ಲ ಅಂದ. ಅವರು ಇನ್ನೂ ಒಂದು ಮಾತು ಹೇಳಿದರು. ಈ ಕಾಯಿಲೆಯವರು ಈ ಊರಲ್ಲೇ ಎಷ್ಟೋ ಜನ ಇದ್ದಾರೆ, ಬೆಳಿಗ್ಗೆ ಚೆನ್ನಾಗಿರುತ್ತಾರೆ, ಸಂಜೆ ಬೀಳುತ್ತಾರೆ, ಅದಕ್ಕೇ ಅವರಿಗೆಲ್ಲ ಮನೆಯಲ್ಲಿ ಸೋಮಾರಿ ಅಂತ ಹೆಸರು, ನಿಮ್ಮ ಅತ್ತಿಗೆಗೂ ಮೊದಲು ಅದೇ ಹೆಸರಿತ್ತು, ಅದಕ್ಕೇ ಧಾರಾವಾಹಿಯಿಂದ ತೆಗೆದರು ಅಂದರು.

ಮಾರನೇ ದಿನ ಅವಳು ಬರುವ ಮೊದಲೇ ಅವನು ಕನ್ನಡಿಯ ಮುಂದೆ ನಿಂತಿದ್ದ. ಅವಳು ಕೂತ ಕೂಡಲೇ ಫೋನನ್ನು ಅವಳ ಮಡಿಲಲ್ಲಿ ಇಟ್ಟ.

“ಹೇಳಿದ್ದು ನಾನೇ. ಅಕ್ಕನಿಗೆ ಹೇಳಿದೆ. ನೀವು ನಾಟಕ ಮಾಡ್ತೀರಿ ಅಂದೆ. ಕಣ್ಣು ತೆಗೀತಿದ್ದದ್ದು ನನ್ನ ಐಸು ಅಂತ ನಿನ್ನೆ ಗೊತ್ತಾಯ್ತು. ಇದರಲ್ಲಿ ಎಲ್ಲ ಇದೆ, ಟೈಮ್ ಸಮೇತ. ತೋರಿಸಿದ್ರೆ ನಿಮ್ಮ ಮೇಲಿನ ಅಪವಾದ ಹೋಗುತ್ತೆ. ಆದ್ರೆ ಬರಿಮುಖದ ಫೋಟೋ ತೋರಿಸೋ ಹಕ್ಕು ನನಗಿಲ್ಲ. ಅಳಿಸ್ತೀರೋ, ತೋರಿಸ್ತೀರೋ, ನಿಮ್ಮಿಷ್ಟ.”

ಅವಳು ಒಂದು ಕಣ್ಣು ಮುಚ್ಚಿಕೊಂಡು ಒಂದೊಂದೇ ಫೋಟೋ ನೋಡಿದಳು. ಕೊನೆಯವರೆಗೂ ನೋಡಿದಳು.

“ಇದರಲ್ಲಿ ನನ್ನ ಮುಖ ಚೆನ್ನಾಗೇ ಇದೆ” ಅಂದಳು. ಫೋನನ್ನು ತನ್ನ ಚೀಲದಲ್ಲಿ ಹಾಕಿಕೊಂಡಳು. ವಾಪಸ್ ಕೊಡಲಿಲ್ಲ, ಕ್ಷಮಿಸಿದೆ ಅನ್ನಲಿಲ್ಲ, ಬೈಯಲೂ ಇಲ್ಲ. ಮುಂದಿನ ನಾಲ್ಕು ದಿನ ಹಾಗೇ ಕಳೆಯಿತು, ಐಸಿಲ್ಲದೆ, ಮಾತಿಲ್ಲದೆ. ಅವನಿಗೆ ಊಟ ಸೇರಲಿಲ್ಲ. ಬೀಗ ಎಳೆದು ನೋಡುವುದನ್ನೂ ಮರೆತ. ಹದಿನಾಲ್ಕನೇ ದಿನ ವ್ಯಾನಿನಿಂದ ಇಳಿಯುವಾಗ ಬೆನ್ನು ತಿರುಗಿಸಿಯೇ, “ನಾಳೆ ಐಸ್ ಜಾಸ್ತಿ ತನ್ನಿ” ಅಂದಳು.

ನಾಳೆ ಅಂದರೆ ಕೊನೆಯ ಸಭೆ. ದೊಡ್ಡ ಮೈದಾನ, ಸಂಜೆ ನಾಲ್ಕೂವರೆ, ಎದುರು ಬಿಸಿಲು. ಕಣ್ಣು ತೆಗೀರಿ ಅತ್ತಿಗೆ ಅನ್ನುವ ಕೂಗು ಅವಳು ಮೆಟ್ಟಿಲು ಹತ್ತುವ ಮೊದಲೇ ಶುರುವಾಗಿತ್ತು. ಅವಳು ಕೈಯಲ್ಲಿ ಕುರ್ಚಿ ಹಿಡಿದುಕೊಂಡು ಹೋಗಿ ವೇದಿಕೆಯ ನಡುವೆ ಹಾಕಿ ಕೂತಳು. ಮೈಕಿನಲ್ಲಿ, ನನ್ನ ಕಣ್ಣಿನ ಬಗ್ಗೆ ಮೊದಲು ಅನುಮಾನ ಪಟ್ಟವರು ಇಲ್ಲೇ ಇದ್ದಾರೆ, ಅವರನ್ನೇ ಕರೆಯುತ್ತೇನೆ, ಅವರೇ ಪರೀಕ್ಷೆ ಮಾಡಲಿ ಅಂದಳು. ಮೈಕ್ ಆರಿಸಿ ಪಕ್ಕಕ್ಕಿಟ್ಟು, ವ್ಯಾನಿನ ಕಡೆ ನೋಡಿದಳು.

ಬಣ್ಣದಣ್ಣ ಹುಟ್ಟಿದಾಗಿನಿಂದ ವೇದಿಕೆಯ ಹಿಂದೆ ಇದ್ದವನು. ಡಬ್ಬ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಎರಡು ಸಲ ಎಡವಿದ. ಅವಳು, ಮೊದಲು ಬಣ್ಣ ತೆಗೀರಿ ಅಂದಳು. ಅಷ್ಟು ಜನರ ಮುಂದೆ ಅವನು ತಾನು ಹಚ್ಚಿದ ಬಣ್ಣವನ್ನು ಒಂದೊಂದೇ ಪದರವಾಗಿ ಒರೆಸಿದ. ಅವನು ಕಾಪಾಡಿದ್ದ ಬರಿಮುಖವನ್ನು ಅವಳೇ ಊರಿಗೆಲ್ಲ ತೋರಿಸಿದಳು. ಆಮೇಲೆ ಅವನು ಮುಚ್ಚಿದ ಕಣ್ಣುಗಳ ಮೇಲೆ ಐಸಿನ ಬಟ್ಟೆ ಇಟ್ಟು ಗಡಿಯಾರ ನೋಡಿದ. ಚುನಾವಣೆಯ ವೇದಿಕೆಯ ಮೇಲೆ ಎರಡು ನಿಮಿಷ ಯಾರೂ ಮಾತಾಡದೇ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಜನರಿಗೆ ಯಾರೂ ಮಾತಾಡಲಿಲ್ಲ ಅನಿಸಿತು. ಅವರಿಬ್ಬರೂ ಮಾತಾಡಿದರು, ತುಟಿ ಅಲ್ಲಾಡಿಸದೆ.

“ಅಕ್ಕನ ಹತ್ರ ಹೇಳೋ ಮುಂಚೆ ನನ್ನನ್ನೇ ಕೇಳಬಹುದಿತ್ತು” ಅಂದಳು.

“ಆ ಮಾತು ಬೇಡ ಅಂದಿದ್ರಿ.”

“ಅಂದಿದ್ದೆ. ಎಲ್ರೂ ನನ್ನ ಕಾಯಿಲೆ ನೋಡೋಕೆ ಬರ್ತಾರೆ. ಮುಖ ನೋಡ್ತಿದ್ದೋರು ನೀವೊಬ್ರೇ. ಹೇಳಿಬಿಟ್ರೆ ನೀವೂ ಕಾಯಿಲೇನೇ ನೋಡ್ತೀರಿ ಅಂತ ಭಯ ಆಯ್ತು.”

“ನಾನು ನೋಡ್ತಿದ್ದದ್ದು ಅನುಮಾನದಲ್ಲಿ.”

“ಗೊತ್ತು. ಆದ್ರೂ ಹತ್ತಿರದಿಂದ ನೋಡ್ತಿದ್ರಿ.”

ಅವನು ಜಾರುತ್ತಿದ್ದ ಬಟ್ಟೆಯನ್ನು ಸರಿಮಾಡಿದ. ಆಮೇಲೆ ಕೇಳಬಾರದ ಜಾಗದಲ್ಲಿ ಕೇಳಬಾರದ್ದನ್ನು ಕೇಳಿದ. “ಮತ್ತೆ ಆ ಕಣ್ಣು ಹೊಡೀತಿದ್ದದ್ದು?”

“ಯಾರು ಹೊಡೆದ್ರು? ಹೊತ್ತು ಇಳಿದ್ರೆ ನನಗೆ ಎಲ್ಲ ಎರಡೆರಡು ಕಾಣುತ್ತೆ. ಮೆಟ್ಟಿಲೂ ಎರಡು, ಮೈಕೂ ಎರಡು. ನೀವೂ ಇಬ್ಬರು. ಒಂದು ಕಣ್ಣು ಮುಚ್ಚಿದ್ರೆ ಒಬ್ಬರು.”

ಅವನ ಮುಖ ಇಷ್ಟಗಲ ಇದ್ದದ್ದು ಇಷ್ಟಾಯಿತು. ಹದಿನೈದು ದಿನದ ಎದೆಬಡಿತವೆಲ್ಲ ಸುಳ್ಳು. ಮೆಟ್ಟಿಲಿಗೂ ತನಗೂ ವ್ಯತ್ಯಾಸ ಇರಲಿಲ್ಲ. ಬಟ್ಟೆಯ ಅಡಿಯಿಂದ ಅವಳು ಮತ್ತೆ ಮಾತಾಡಿದಳು.

“ಐಸ್ ಇಟ್ಟ ಮೇಲೆ ಹತ್ತು ನಿಮಿಷ, ಎರಡೂ ಕಣ್ಣು ಬಿಟ್ರೂ ನೀವು ಒಬ್ಬರೇ ಕಾಣ್ತಿದ್ರಿ. ಆ ಹತ್ತು ನಿಮಿಷಕ್ಕೋಸ್ಕರ ಇನ್ನೂ ಇಡಿ, ಇನ್ನೂ ಇಡಿ ಅಂತಿದ್ದೆ. ಬಣ್ಣ ನಿಲ್ಲಲಿ ಅಂತ ಅಲ್ಲ.”

ಹಿಡಿದ ಬಟ್ಟೆಯನ್ನೇ ಅವನು ಮರೆತ. ಐಸಿನ ನೀರು ಅವಳ ಕುತ್ತಿಗೆಗೆ ಇಳಿಯಿತು.

“ಗಟ್ಟಿಯಾಗಿ ಹಿಡೀರಿ. ಜನ ನೋಡ್ತಿದ್ದಾರೆ.”

“ನನಗೆ ನೀವು ಮೊದಲ ದಿನದಿಂದ್ಲೂ ಒಬ್ಬರೇ ಕಂಡಿದ್ದು” ಅಂದ. “ನಂಬೋದು ಮಾತ್ರ ತಡ ಆಯ್ತು.”

ಅವಳ ಉಸಿರು ಅವನ ಮಣಿಕಟ್ಟಿಗೆ ತಾಕುತ್ತಿತ್ತು. ಆಮೇಲೆ ಕೇಳಿದಳು, “ಎರಡು ನಿಮಿಷ ಆಯ್ತಾ, ರೀ?”

ರೀ ಅಂದಳು. ಕೇಳಿಸಿತೇ ನಿಮಗೆಲ್ಲ? ಹದಿನೈದು ದಿನ ಹೆಸರಿಲ್ಲದೆ ಇದ್ದವನಿಗೆ ಹೆಸರು ಸಿಕ್ಕಿದ್ದು ಹಾಗೆ.

“ಆಯ್ತು.”

“ತೆಗೀರಿ. ನಿಮ್ಮ ಗಡಿಯಾರದ ಮೇಲೆ ಈಗ ಅನುಮಾನ ಇಲ್ಲ.”

ಬಟ್ಟೆ ತೆಗೆದ. ರೆಪ್ಪೆ ಮೇಲೆದ್ದಿತು. ಎರಡೂ ಕಣ್ಣು, ಪೂರ್ತಿಯಾಗಿ. ಜನರನ್ನು ನೋಡಬೇಕಾದವಳು ಅವನನ್ನೇ ನೋಡುತ್ತಾ ಕೂತಳು. ಕೆಳಗಿನಿಂದ ಯಾರೋ, ಇದೂ ಮೇಕಪ್‌ನೋನ ಕೈಚಳಕ ಅಂತ ಕೂಗಿದ. ಇನ್ನೊಬ್ಬ, ಐಸಿಗೆ ಮದ್ದು ಹಾಕಿರಬೇಕು ಅಂದ. ಮನುಷ್ಯರು ಅಷ್ಟು ಸುಲಭಕ್ಕೆ ನಂಬುವುದಿಲ್ಲ.

ಅಷ್ಟರಲ್ಲಿ ಮೂರನೇ ಸಾಲಿನಿಂದ ಒಬ್ಬ ವಯಸ್ಸಾದ ಹೆಂಗಸು ಎದ್ದಳು. ಪಕ್ಕದಲ್ಲಿದ್ದ ಸೊಸೆಯ ಕೈ ಹಿಡಿದು ಎಳೆದುಕೊಂಡು ವೇದಿಕೆಯ ಕೆಳಗೆ ಬಂದಳು. ಸೊಸೆಯ ಎರಡೂ ರೆಪ್ಪೆ ಜೋತುಬಿದ್ದಿದ್ದವು, ಅವಳು ತಲೆಯನ್ನೇ ಹಿಂದಕ್ಕೆ ಎತ್ತಿ ದಾರಿ ನೋಡುತ್ತಿದ್ದಳು.

“ಇವಳಿಗೂ ಸ್ವಲ್ಪ ಇಡಪ್ಪ” ಅಂದಳು ಆ ಹೆಂಗಸು ಬಣ್ಣದಣ್ಣನಿಗೆ. “ನಾಲ್ಕು ವರ್ಷದಿಂದ ಕೆಲಸಗಳ್ಳಿ ಅಂತ ಬೈದಿದ್ದೀನಿ.”

ಅವನು ಮೆಟ್ಟಿಲಿಳಿದು ಬಂದು ಹೊಸ ಬಟ್ಟೆಯಲ್ಲಿ ಐಸ್ ಸುತ್ತಿದ. ಇನ್ನೊಂದು ಎರಡು ನಿಮಿಷ. ಈ ಸಲ ನಿಜವಾಗಲೂ ಯಾರೂ ಮಾತಾಡಲಿಲ್ಲ. ಬಟ್ಟೆ ತೆಗೆದಾಗ ಆ ಸೊಸೆ ತಲೆ ಎತ್ತದೆ, ನೆಟ್ಟಗೆ ಅತ್ತೆಯ ಮುಖ ನೋಡಿದಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಆ ಮೈದಾನದಲ್ಲಿ ಕೂಗಿದವರು ಯಾರೂ ಇಲ್ಲ.

ಮೇಷ್ಟ್ರು ಗೆದ್ದರು, ಕೂದಲೆಳೆಯಲ್ಲಿ. ಗೆದ್ದ ಮೇಲೆ ಬೀಗದ ಮಾತು ಮರೆತರು. ನಾನಂತೂ ಮೊದಲೇ ಅಂದುಕೊಂಡಿದ್ದೆ. ಅವಳು ಪ್ರತಿ ಸೋಮವಾರ ಸಂಜೆ, ಕಣ್ಣು ಜೋಲುವ ಹೊತ್ತಿಗೇ ಸರಿಯಾಗಿ ಅವರ ಕಚೇರಿಯ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದಳು, ಪಕ್ಕದಲ್ಲಿ ಅವನು, ಕಾಲ ಬುಡದಲ್ಲಿ ಐಸಿನ ಡಬ್ಬ. ಹನ್ನೊಂದನೇ ಸೋಮವಾರ ಮೇಷ್ಟ್ರು ನಾಚಿಕೊಂಡು ಆದೇಶಕ್ಕೆ ಸಹಿ ಹಾಕಿದರು. ಡಾಕ್ಟರಮ್ಮ ಡ್ರಾಯರಿನಿಂದ ಬೀಗದ ಕೈ ತೆಗೆದ ದಿನ, ಎಲ್ಲರಿಗಿಂತ ಮೊದಲು ಒಳಗೆ ಹೋದದ್ದು ಆ ಅತ್ತೆ ಸೊಸೆ.

ಇವರಿಬ್ಬರೂ ಮದುವೆಯಾದರು. ಅಣ್ಣನ ಹೆಂಡತಿ ಅತ್ತಿಗೆ ತಾನೇ, ಕರೆಯಲು ಯಾರಿಗೂ ತೊಂದರೆ ಆಗಲಿಲ್ಲ. ಕಾಯಿಲೆ ವಾಸಿಯಾಗಿಲ್ಲ, ಸುಳ್ಳು ಯಾಕೆ ಹೇಳಲಿ. ಔಷಧಿ ಇದೆ, ಸುಸ್ತಿದೆ, ಸಂಜೆಗೆ ಎರಡೆರಡು ಕಾಣುವುದೂ ಇದೆ. ಆದರೆ ರಾತ್ರಿ ನಿದ್ದೆ ಮಾಡಿ ಬೆಳಿಗ್ಗೆ ಎದ್ದಾಗ ಅವಳಿಗೆ ಎಲ್ಲ ಒಂದೊಂದೇ ಕಾಣುತ್ತೆ. ಗಂಡನೂ ಒಬ್ಬನೇ. ಒಂದು ಕಣ್ಣು ಮುಚ್ಚುವ ಅಗತ್ಯವೇ ಇರುವುದಿಲ್ಲ.

ಆಗಲೂ ಮುಚ್ಚುತ್ತಾಳಂತೆ. ಬಾಗಿಲಿಗೆ ಬೀಗ ಹಾಕಿ ಎಳೆದು ನೋಡುವುದನ್ನು ಅವನು ಬಿಟ್ಟದ್ದು ಅದರಿಂದಲೇ ಅಂತ ನನ್ನ ಅನುಮಾನ.

ಕೇಳಿದಿರಲ್ಲ, ಈಗ ಈ ವಾಯ್ಸ್ ನೋಟನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಬೇಡಿ, ಮುಂದಕ್ಕೆ ಕಳಿಸಿ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಆದ ಕೂಡಲೇ ಕಣ್ಣು ಮುಚ್ಚುವವರನ್ನು ಯಾವ ಮನೆಯಲ್ಲಿ ಸೋಮಾರಿ ಅಂತ ಬೈಯುತ್ತಾರೋ, ಮೊದಲು ಆ ಮನೆಗೆ ಕಳಿಸಿ.